ಉಳಿಸಿದ ಚರ್ಮ

ಮೈತ್ರೇಯಿ ಅಕ್ಕ ಕಾಶಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ಗಂಡ ಶ್ರೀವತ್ಸ ಅವರಿಗೆ ರೈಲ್ವೆಯಲ್ಲಿ ಗುಮಾಸ್ತೆಯ ಕೆಲಸ. ಹುಬ್ಬಳ್ಳಿಯಿಂದ ಮೂರು ವರ್ಷಕ್ಕೆಂದು ವರ್ಗವಾಗಿ ಬಂದವರು ಇಲ್ಲೇ ನಿಂತುಬಿಟ್ಟರು. ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿ ಮೊದಲ ಮಹಡಿಯ ಮನೆ, ಕೆಳಗೆ ಒಂದೇ ಕೋಣೆಯ ಹೊಲಿಗೆ ಅಂಗಡಿ. ಬೋರ್ಡಿಲ್ಲ. ಆದರೂ ಆ ಗಲ್ಲಿಗೆ ಹೋಗಿ ಕರ್ನಾಟಕದ ದರ್ಜಿ ಅಮ್ಮ ಎಲ್ಲಿ ಎಂದು ಕೇಳಿದರೆ ಹಾಲು ಮಾರುವವನಿಂದ ಹಿಡಿದು ಪುರೋಹಿತರ ಮನೆಯವರೆಗೆ ಎಲ್ಲರೂ ಕೈ ತೋರಿಸುತ್ತಾರೆ.

ನಾನು ದಾವಣಗೆರೆಯವಳು. ಬ್ಯಾಂಕಿನ ಕೆಲಸದ ಮೇಲೆ ಇಲ್ಲಿಗೆ ವರ್ಗವಾಗಿ ಬಂದಾಗ ಮೊದಲು ಎದುರಾದ ಕಷ್ಟವೆಂದರೆ ಬ್ಲೌಸು. ಮೂರು ಕಡೆ ಹೊಲಿಸಿ ಮೂರನ್ನೂ ಕೆಡಿಸಿಕೊಂಡ ಮೇಲೆ ಯಾರೋ ಈ ಅಂಗಡಿಯ ದಾರಿ ಹೇಳಿದರು. ಮೈತ್ರೇಯಿ ಅಕ್ಕ ಅಳತೆ ತೆಗೆಯುವಾಗ ಒಂದು ಮಾತೂ ಆಡುತ್ತಿರಲಿಲ್ಲ. ಟೇಪು ಹಿಡಿದು ಸುತ್ತು ಬಂದು, ಸಂಖ್ಯೆಗಳನ್ನು ಬರೆದುಕೊಂಡು, ಯಾವತ್ತು ಬೇಕು ಎಂದಷ್ಟೇ ಕೇಳುತ್ತಿದ್ದರು. ಯಾವ ಹೆಂಗಸಿನ ಎರಡು ಪಕ್ಕವೂ ಒಂದೇ ಸಮ ಇರುವುದಿಲ್ಲವಂತೆ. ಚಿಕ್ಕದಾದ ಪಕ್ಕಕ್ಕೆ ಒಳಗಿನ ಅಸ್ತರಿನ ಬಟ್ಟೆ ಒಂದು ಪದರ ಹೆಚ್ಚು ಕೊಟ್ಟು ಸರಿ ಮಾಡುತ್ತಿದ್ದರು. ಅದನ್ನು ಹೊಲಿಸಿಕೊಂಡವರಿಗೂ ಹೇಳುತ್ತಿರಲಿಲ್ಲ. ಇದನ್ನು ನನಗೆ ಹೇಳಿದ್ದು ಒಂದು ವರ್ಷದ ಗುರುತಿನ ಮೇಲೆ. ಅವತ್ತೇ ತಮ್ಮದನ್ನೂ ಹೇಳಿದರು.

ನಲವತ್ತೊಂದನೆಯ ವಯಸ್ಸಿನಲ್ಲಿ ಅವರ ಎಡ ಎದೆಯಲ್ಲಿ ಗಂಟು ಕಂಡಿತು. ಲಖನೌದಲ್ಲಿ ಆಪರೇಷನ್ ಆಯಿತು. ಎದೆ ತೆಗೆದ ಹೊತ್ತಿನಲ್ಲೇ ಆ ಜಾಗಕ್ಕೆ ಸಿಲಿಕೋನ್ ಇಂಪ್ಲಾಂಟ್ ಇಟ್ಟರು. ಇಡೋಣವೇ ಎಂದು ವೈದ್ಯರು ಕೇಳಿದಾಗ ಶ್ರೀವತ್ಸ ಹೂಂ ಎಂದರು, ಇವರೂ ಹೂಂ ಎಂದರು. ಬದುಕಿಸಿದರೆ ಸಾಕು, ಏನು ಬೇಕಾದರೂ ಇಡಲಿ ಅನ್ನಿಸುವ ಸಮಯ ಅದು ಎಂದು ಅಕ್ಕ ಹೇಳಿದರು. ಕಾಯಿಲೆ ಮತ್ತೆ ಬರಲಿಲ್ಲ. ಆದರೆ ಇಟ್ಟದ್ದು ಯಾವತ್ತೂ ಅವರದಾಗಲಿಲ್ಲ. ಕಾಶಿಯ ಜನವರಿಯ ಚಳಿಯಲ್ಲಿ ರಜಾಯಿ ಹೊದ್ದು ಮೈಯೆಲ್ಲ ಬೆಚ್ಚಗಾದರೂ ಆ ಒಂದು ಜಾಗ ತಣ್ಣಗೇ ಇರುತ್ತಿತ್ತು. ನಿದ್ದೆಯಲ್ಲಿ ಕೈ ತಗುಲಿದರೆ ಬೇರೆ ಯಾರನ್ನೋ ಮುಟ್ಟಿದ ಹಾಗಾಗಿ ಎಚ್ಚರವಾಗುತ್ತಿತ್ತು.

ಏಳೆಂಟು ವರ್ಷ ಕಳೆದ ಮೇಲೆ ಅದು ಗಟ್ಟಿಯಾಗುತ್ತ ಬಂತು. ಒಳಗೆ ಸುತ್ತಲೂ ಕಟ್ಟಿದ ಪೊರೆ ಬಿಗಿದುಕೊಂಡು ಇಂಪ್ಲಾಂಟು ಕತ್ತಿನ ಎಲುಬಿನ ಕಡೆಗೆ ಏರಿತು. ಮೇಲಿನ ಕಪಾಟಿನಿಂದ ಬಟ್ಟೆಯ ಗಂಟು ಇಳಿಸಲು ಕೈ ಎತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಸ್ಕ್ಯಾನ್ ಮಾಡಿಸಿದಾಗ ಇಂಪ್ಲಾಂಟಿನ ಕವಚ ಒಳಗೇ ಹರಿದಿದೆ, ತೆಗೆಸಲೇಬೇಕು ಎಂದರು.

ತೆಗೆಸಲು ಹೋದದ್ದು ಊರಿನ ಇನ್ನೊಂದು ತುದಿಯಲ್ಲಿದ್ದ ಖಾಸಗಿ ಕ್ಲಿನಿಕ್ಕಿಗೆ. ಶ್ರೀವತ್ಸರ ಆಫೀಸಿನ ಯಾರೋ ಹೇಳಿದ್ದರು. ಅಲ್ಲಿಯ ಗೋಡೆಯ ಮೇಲೆ ಉದ್ದಕ್ಕೂ ಹೆಂಗಸರ ಎದೆಯ ಚಿತ್ರಗಳು. ಕತ್ತಿನಿಂದ ಹೊಕ್ಕುಳಿನವರೆಗೆ ಮಾತ್ರ, ಒಂದಕ್ಕೂ ಮುಖವಿಲ್ಲ. ಮುಂಚೆ ಹೀಗಿತ್ತು, ಆಮೇಲೆ ಹೀಗಾಯಿತು ಎಂದು ಜೋಡಿ ಜೋಡಿಯಾಗಿ ಹಾಕಿದ್ದರು. ಲಿಪ್‌ಸ್ಟಿಕ್ ಹಚ್ಚಿದ ಹುಡುಗಿಯೊಬ್ಬಳು ಅಕ್ಕನನ್ನು ಬಿಟ್ಟು ಶ್ರೀವತ್ಸರ ಪಕ್ಕ ಕೂತು, ಯಾವ ಅಳತೆಯದು ಹೇಗೆ ಕಾಣುತ್ತದೆ ಎಂದು ಪರದೆಯ ಮೇಲೆ ತೋರಿಸಿದಳಂತೆ. ಮೂವತ್ತು ವರ್ಷದಿಂದ ಹೆಂಗಸರ ಅಳತೆ ತೆಗೆದವರು ಮೈತ್ರೇಯಿ ಅಕ್ಕ. ಅಲ್ಲಿ ಅವರನ್ನು ಒಂದು ಮಾತು ಕೇಳಿದವರಿಲ್ಲ.

ಸರ್ಜನ್ ಕೂಡ ಎಲ್ಲವನ್ನೂ ಶ್ರೀವತ್ಸರಿಗೇ ವಿವರಿಸಿದ. ಹಳೆಯದನ್ನು ತೆಗೆದು ಹೊಸ ಇಂಪ್ಲಾಂಟ್ ಇಡಬಹುದು. ಇಲ್ಲವೆಂದರೆ ಬೆನ್ನಿನ ಸ್ನಾಯುವನ್ನು ಚರ್ಮದ ಸಮೇತ ಮುಂದಕ್ಕೆ ತಿರುಗಿಸಿ ತಂದು ಎದೆ ಮಾಡಬಹುದು. ಕೆಳಹೊಟ್ಟೆಯ ಚರ್ಮ, ಕೊಬ್ಬು ತೆಗೆದು ರಕ್ತನಾಳ ಜೋಡಿಸಿಯೂ ಮಾಡಬಹುದು, ಆದರೆ ಅದು ಏಳೆಂಟು ಗಂಟೆಯ ಕೆಲಸ. ತೊಡೆಯ ಕೊಬ್ಬನ್ನು ಹೀರಿ ಸ್ವಲ್ಪ ಸ್ವಲ್ಪವಾಗಿ ತುಂಬುವುದೂ ಉಂಟು, ಅದಕ್ಕೆ ಮೂರು ನಾಲ್ಕು ಸಲ ಬರಬೇಕು.

ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, ತೆಗೆದುಬಿಡಿ, ಏನೂ ಇಡಬೇಡಿ, ಚಪ್ಪಟೆಯಾಗಿ ಹೊಲಿದುಬಿಡಿ ಎಂದರು. ಅರ್ಥವಾಗಲಿಲ್ಲವೇನೋ ಎಂದು ಹಿಂದಿಯಲ್ಲಿ ಮೂರು ಸಲ ಹೇಳಿದರು, "ಏಕ್‌ದಮ್ ಸಪಾಟ್." ಸರ್ಜನ್ ನಕ್ಕ. ಅದಿಲ್ಲ ಎಂದು ಅಳುತ್ತ ಬರುವವರನ್ನು ಕಂಡಿದ್ದೇನೆ, ಬೇಡ ಎಂದು ಬಂದವರನ್ನು ಇದೇ ಮೊದಲು ನೋಡುತ್ತಿರುವುದು ಎಂದ. ಆಮೇಲೆ ಶ್ರೀವತ್ಸರ ಕಡೆ ತಿರುಗಿ, ಭಾಭೀಜಿ ಈಗ ಸ್ವಲ್ಪ ಭಾವುಕರಾಗಿದ್ದಾರೆ ಎಂದ. ಕಾಗದದಲ್ಲಿ ಏನೋ ಬರೆದುಕೊಂಡ. ತಾವು ಹೇಳಿದ್ದನ್ನೇ ಬರೆದುಕೊಂಡ ಎಂದು ಅಕ್ಕ ತಿಳಿದರು.

ಹೋಳಿ ಕಳೆದ ವಾರ ಆಪರೇಷನ್ ಆಯಿತು. ಎಂಟನೆಯ ದಿನ ಪಟ್ಟಿ ಬಿಚ್ಚಿದಾಗ ಅವರು ಕಂಡದ್ದು ಚಪ್ಪಟೆ ಎದೆಯನ್ನಲ್ಲ. ಇಂಪ್ಲಾಂಟನ್ನು ಹೊತ್ತಿದ್ದ ಚರ್ಮವೆಲ್ಲ ಹಾಗೇ ಇತ್ತು. ಒಳಗೆ ಏನೂ ಇಲ್ಲದೆ, ಆರಿದ ಹಾಲಿನ ಕೆನೆಯನ್ನು ಚಮಚದಿಂದ ಒಂದು ಪಕ್ಕಕ್ಕೆ ತಳ್ಳಿದ ಹಾಗೆ ಮುದುಡಿ, ಎರಡು ಮಡಿಕೆಯಾಗಿ ಜೋತುಬಿದ್ದಿತ್ತು. ಕೇಳಿದರೆ, ದಿನ ಕಳೆದಂತೆ ಕೂರುತ್ತದೆ ಎಂದು ಹೇಳಿ ಕಳಿಸಿದರು.

ಅದು ಕೂರಲಿಲ್ಲ. ಏಪ್ರಿಲ್ ಬಂತು, ಮೇ ಬಂತು. ಕಾಶಿಯ ಬೇಸಿಗೆಯಲ್ಲಿ ಕರೆಂಟು ಹೋದರೆ ಗಲ್ಲಿಯ ಮನೆಗಳಲ್ಲಿ ಗೋಡೆಯೂ ಬೆವರುತ್ತದೆ. ಆ ಮಡಿಕೆಗಳ ಒಳಗೆ ಬೆವರು ನಿಂತು, ಚರ್ಮ ಚರ್ಮಕ್ಕೆ ಅಂಟಿಕೊಂಡು ಕೆಂಪಗೆ ಬೆಂದುಹೋಯಿತು. ಪೌಡರ್ ಹಾಕಿದರೆ ಒಂದು ಗಂಟೆಯಲ್ಲಿ ಕಲಸಿದ ಹಿಟ್ಟಾಗುತ್ತಿತ್ತು. ದಿನಕ್ಕೆ ನಾಲ್ಕು ಸಲ ತೊಳೆದರೂ ಹುಳಿ ವಾಸನೆ ಹೋಗುತ್ತಿರಲಿಲ್ಲ. ಅಳತೆ ಕೊಡಲು ಬಂದವರ ಹತ್ತಿರ ನಿಲ್ಲುವುದಕ್ಕೆ ಅಕ್ಕ ಹಿಂಜರಿದರು. ಹಳೆಯ ಬ್ಲೌಸು ತಂದುಕೊಡಿ, ಅದನ್ನೇ ನೋಡಿ ಹೊಲಿಯುತ್ತೇನೆ ಎನ್ನತೊಡಗಿದರು. ಕಾಲೇಜಿಗೆ ಹೋಗುವ ಮಗಳು ಹರ್ಷಾ, "ಮಮ್ಮೀ, ದಿಖಾವೋ ನಾ," ತೋರಿಸಮ್ಮಾ ಎಂದು ಕೇಳಿ ಕೇಳಿ ಸುಮ್ಮನಾದಳು. ಅಂಗಡಿಯ ನಿಲುವುಗನ್ನಡಿಯ ಮೇಲೆ ಒಂದು ಹಳೆಯ ಸೀರೆ ಬಂತು.

ಜೂನಿನ ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಕರೆಸಿಕೊಂಡರು. ಬಾಗಿಲು ಹಾಕಿ, ಪರದೆ ಎಳೆದು, ಸೆರಗು ಸರಿಸಿ, ಬ್ಲೌಸು ಬಿಚ್ಚಿ ತೋರಿಸಿದರು.

ನನಗೆ ವಾಕರಿಕೆ ಬಂತು. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ನಡೆದದ್ದು ಅದೇ. ಮುಖ ತಿರುಗಿಸಬಾರದು ಎಂದುಕೊಂಡೆ, ಅಷ್ಟರಲ್ಲಿ ತಿರುಗಿಸಿಯಾಗಿತ್ತು. ಅಕ್ಕ ಸೆರಗು ಹೊದ್ದುಕೊಂಡು, "ಪರವಾಗಿಲ್ಲ ಅಪೂರ್ವಾ. ಸ್ನಾನ ಮಾಡುವಾಗ ನನಗೂ ಹಾಗೇ ಆಗತ್ತೆ. ಕಣ್ಣು ಮುಚ್ಚಿ ಉಜ್ಜಿಕೊಳ್ತೀನಿ," ಎಂದರು. ಆಮೇಲೆ ಕ್ಲಿನಿಕ್ಕಿನ ಕಾಗದಗಳ ಚೀಲ ಕೊಟ್ಟು, ಒಳಗೆ ಏನು ಬರೆದಿದ್ದಾರೆ ಓದಿ ಹೇಳಿ ಎಂದರು. ಅವರಿಗೆ ಕನ್ನಡ, ಹಿಂದಿ ಓದಲು ಬರುತ್ತದೆ. ಕಾಗದಗಳಿದ್ದದ್ದು ಇಂಗ್ಲಿಷಿನಲ್ಲಿ.

ಎರಡನೆಯ ಹಾಳೆಯ ಕೆಳಗಡೆ ಆ ಸಾಲು ಇತ್ತು. ಮನಸ್ಸಿನಲ್ಲೇ ಎರಡು ಸಲ ಓದಿದೆ. ನಾನು ತಡಮಾಡಿದ್ದನ್ನು ಅಕ್ಕ ಗಮನಿಸಿದರು. ಬೇರೆ ದಾರಿಯಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಮುಂದೆ ಎದೆ ಮರುರಚನೆಗೆ ಅನುಕೂಲವಾಗಲೆಂದು, ರೋಗಿಯ ಪತಿಯ ಕೋರಿಕೆಯಂತೆ ಚರ್ಮವನ್ನು ಉಳಿಸಲಾಗಿದೆ.

"ಯಾರ ಕೋರಿಕೆ?"

"ಗಂಡನ ಕೋರಿಕೆ ಅಂತಿದೆ ಅಕ್ಕಾ."

ಅವರು ಕೊರಳಲ್ಲಿದ್ದ ಟೇಪನ್ನು ತೆಗೆದು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ಮುಂದೆ ದಪ್ಪಗಾದರೆ ಬಿಚ್ಚಿಕೊಳ್ಳೋಕೆ ಅಂತ ಬ್ಲೌಸಿನೊಳಗೆ ನಾನೂ ಬಟ್ಟೆ ಬಿಡ್ತೀನಿ," ಎಂದರು ಕೊನೆಗೆ. "ಬೇಡ ಅಂದವರಿಗೆ ಬಿಡೋದಿಲ್ಲ. ಅವರ ಗಂಡನ್ನಂತೂ ಕೇಳೋದಿಲ್ಲ."

ಆ ಹೊತ್ತಿಗೆ ಶ್ರೀವತ್ಸ ನಮಗೆಂದು ಚಹಾ ಹಿಡಿದು ಕೆಳಗೆ ಬಂದರು. ಒಳ್ಳೆಯ ಮನುಷ್ಯ ಎಂದು ಗಲ್ಲಿಯಲ್ಲಿ ಹೆಸರಾದವರು. ಕೂಗಾಡಿದವರಲ್ಲ, ಕುಡಿದವರಲ್ಲ, ಹೆಂಡತಿಯ ಕಾಯಿಲೆಯಲ್ಲಿ ತಿಂಗಳುಗಟ್ಟಲೆ ಲಖನೌಗೆ ಓಡಾಡಿದವರು. ನಾನು ಎದ್ದು ಹೋಗಲು ನೋಡಿದೆ. ಅಕ್ಕ ನನ್ನ ಕೈ ಹಿಡಿದು ಕೂರಿಸಿ, ಆವತ್ತು ಹೊರಗೆ ಏನು ನಡೆಯಿತು ಹೇಳಿ ಎಂದು ಅವರನ್ನೇ ಕೇಳಿದರು.

ಅವರು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಅದರಲ್ಲೇನಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಅಕ್ಕನಿಗೆ ಅರಿವಳಿಕೆ ಕೊಟ್ಟ ಮೇಲೆ ಸರ್ಜನ್ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಹೊರಗೆ ಬಂದನಂತೆ. ಭಾಭೀಜಿ ದುಃಖದಲ್ಲಿ ಏನೋ ಹೇಳುತ್ತಿದ್ದಾರೆ, ಕತ್ತರಿಸಿದ ಚರ್ಮ ವಾಪಸು ಬರುವುದಿಲ್ಲ, ನಾಳೆ ಮನಸ್ಸು ಬದಲಾಯಿಸಿದರೆ ಕಷ್ಟ, ಉಳಿಸಿಬಿಡಲೇ ಎಂದು ಕೇಳಿದನಂತೆ. ಇವರು, ಸರಿ, ಉಳಿಸಿ ಎಂದರಂತೆ. ಎಲ್ಲ ಸೇರಿ ಎರಡು ನಿಮಿಷದ ಮಾತು.

"ನಾನು ಬೇಡ ಅಂದಿದ್ದು ನಿಮಗೆ ಕೇಳಿಸಿತ್ತಲ್ಲ," ಎಂದರು ಅಕ್ಕ.

"ಕೇಳಿಸಿತ್ತು. ಆಮೇಲೆ ನಿನಗೇ ಬೇಕು ಅನ್ನಿಸಿದರೆ ಅಂತ... ಡಾಕ್ಟರು ಕೇಳಿದ್ರು, ನಾನು ಹೂಂ ಅಂದೆ."

"ಆಮೇಲೆ ಏನು ಮಾಡಿದ್ರಿ?"

ಶ್ರೀವತ್ಸರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಸ್ವಲ್ಪ ಯೋಚಿಸಿ ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟರು. "ಕೆಳಗೆ ಹೋಗಿ ಚಹಾ ಕುಡಿದೆ."

ಅಕ್ಕ ಎದ್ದು ಹಿಂದಿನ ಬಚ್ಚಲಿಗೆ ಹೋದರು. ವಾಂತಿ ಮಾಡಿಕೊಂಡದ್ದು ನಮ್ಮಿಬ್ಬರಿಗೂ ಕೇಳಿಸಿತು. ಶ್ರೀವತ್ಸ ತಂದ ಲೋಟಗಳನ್ನು ಎಲ್ಲಿಡಬೇಕೆಂದು ತೋಚದೆ ಹೊಲಿಗೆ ಯಂತ್ರದ ಮೇಲಿಟ್ಟು ನಿಂತೇ ಇದ್ದರು. ಆ ಒಳ್ಳೆಯತನದ ಮುಖ ನೋಡುವುದೇ ನನಗೆ ಅಸಹ್ಯವಾಗಿತ್ತು.

ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾಕ್ಟರ್ ಸುಧನ್ವ ಎಂಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಮೈಸೂರಿನವರು, ನವೆಂಬರಿನ ಕನ್ನಡಿಗರ ಕೂಟದಲ್ಲಿ ಎರಡು ಸಲ ನೋಡಿದ್ದೆ. ಜುಲೈನಲ್ಲಿ ಅಕ್ಕನನ್ನು ಅವರ ಹತ್ತಿರ ಕರೆದುಕೊಂಡು ಹೋದೆ. ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ನಿಂತರೆ ಹನ್ನೆರಡಕ್ಕೆ ಸರದಿ ಬಂತು. ಅವರು ನರ್ಸನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿ, ಮುಟ್ಟಿ ನೋಡಲೇ ಎಂದು ಕೇಳಿ, ಅಕ್ಕ ಒಪ್ಪಿದ ಮೇಲೆ ಕೈಯಿಟ್ಟರು.

ಮೊದಲು ಬೆಂದ ಚರ್ಮಕ್ಕೆ ಮುಲಾಮು ಕೊಟ್ಟರು. ಎರಡು ವಾರ ಬಿಟ್ಟು ಹೋದಾಗ, ಈಗ ಏನೇನು ಮಾಡಬಹುದು ಎಂಬುದನ್ನು ಮೊದಲಿನಿಂದ ಹೇಳಿದರು. ಚರ್ಮ ಉಳಿದಿರುವುದರಿಂದ ಹೊಸ ಇಂಪ್ಲಾಂಟ್ ಇಡಬಹುದು, ಆದರೆ ಪೊರೆ ಮತ್ತೆ ಬಿಗಿಯುವ ಸಾಧ್ಯತೆ ಇದ್ದೇ ಇದೆ. ಬೆನ್ನಿನದು, ಹೊಟ್ಟೆಯದು ಮಾಡಿದರೆ ನಿಮ್ಮದೇ ಮಾಂಸ, ಬೆಚ್ಚಗಿರುತ್ತದೆ. ಆದರೆ ಅಲ್ಲೂ ಒಂದು ಗಾಯ, ಅಲ್ಲೂ ಒಂದು ನೋವು. ಏನೂ ಬೇಡವೆಂದರೆ ಹೆಚ್ಚಿನ ಚರ್ಮ ತೆಗೆದು ಚಪ್ಪಟೆಯಾಗಿ ಮುಚ್ಚಬಹುದು. ಆಕಾರ ಬೇಕೆನ್ನಿಸಿದ ದಿನ ಬ್ರಾದೊಳಗೆ ಇಡುವ ಪ್ಯಾಡ್ ಸಿಗುತ್ತದೆ. ಇಷ್ಟು ಹೇಳಿ ಸುಮ್ಮನೆ ಕೂತರು. ಅಕ್ಕ ತಮ್ಮ ಮಾತನ್ನೇ ಮತ್ತೆ ಹೇಳಿದರು. ಡಾಕ್ಟರ್ ನಗಲಿಲ್ಲ, ಏಕೆ ಎಂದೂ ಕೇಳಲಿಲ್ಲ.

ಆದರೆ ಅದು ಸುಲಭದ ಕೆಲಸವಲ್ಲ ಎಂದರು. ಬರೀ ಚರ್ಮ ಕತ್ತರಿಸಿ ಎಳೆದು ಹೊಲಿದರೆ ಕಂಕುಳಿನ ಕಡೆಯ ತುದಿಯಲ್ಲಿ ಉಬ್ಬು ನಿಲ್ಲುತ್ತದೆ. ಅಕ್ಕ ತಟ್ಟನೆ ಅವರ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಚೀಟಿಯ ಹಿಂಭಾಗದಲ್ಲಿ ಗೆರೆ ಎಳೆದರು. ಬ್ಲೌಸಿನ ಟಕ್ಕು, ಅಂದರೆ ಆಕಾರಕ್ಕೆಂದು ಹಿಡಿದು ಹೊಲಿಯುವ ಮಡಿಕೆ, ಗಿಡ್ಡವಾಗಿ ನಿಂತರೆ ಅದರ ತುದಿಯಲ್ಲಿ ಬಟ್ಟೆ ಹೀಗೇ ಉಬ್ಬುತ್ತದೆ, ಟಕ್ಕನ್ನು ಉದ್ದ ಎಳೆದು ಸಣ್ಣದು ಮಾಡುತ್ತ ಹೋಗಿ ಮುಗಿಸಬೇಕು ಎಂದು ತೋರಿಸಿದರು. ಡಾಕ್ಟರ್ ಚೀಟಿಯನ್ನು ತಿರುಗಿಸಿ ನೋಡಿ, "ಸರಿಯಾಗಿ ಹೇಳಿದ್ರಿ ಅಮ್ಮ, ನಾವೂ ಅದನ್ನೇ ಮಾಡೋದು. ಗಾಯದ ಗೆರೆ ಸ್ವಲ್ಪ ಬೆನ್ನಿನ ಕಡೆಗೆ ಹೋಗತ್ತೆ. ಅಷ್ಟಾದರೂ ಒಂಚೂರು ಉಬ್ಬು ಉಳಿಯಬಹುದು. ಪೂರ್ತಿ ಸರಿಯಾಗತ್ತೆ ಅಂತ ನಾನು ಮಾತು ಕೊಡಲ್ಲ," ಎಂದರು. ಆ ಕ್ಲಿನಿಕ್ಕಿನ ಅನುಭವದ ಮೇಲೂ ಅಕ್ಕ ಈ ಡಾಕ್ಟರನ್ನು ನಂಬಿದ್ದು ಆ ಕೊನೆಯ ವಾಕ್ಯಕ್ಕಾಗಿ ಎಂದು ನನಗನ್ನಿಸುತ್ತದೆ.

ಒಪ್ಪಿಗೆಯ ಕಾಗದ ಬಂದಾಗ ಅದರ ಕೆಳಗೆ ತಾವೂ ಬರೆಯಬೇಕು ಎಂದರು. ಮೊದಲು ಹಿಂದಿಯಲ್ಲಿ, ಕೆಳಗೆ ಕನ್ನಡದಲ್ಲಿ, ಅಂಗಡಿಯ ಅಳತೆ ಪುಸ್ತಕದಲ್ಲಿ ಬರೆಯುವ ದುಂಡು ಅಕ್ಷರದಲ್ಲಿ ಬರೆದರು: ಚರ್ಮ ಉಳಿಸಕೂಡದು. ನನಗೆ ಎಚ್ಚರವಿಲ್ಲದಾಗ ಹೊರಗಿನ ಯಾರನ್ನೂ ಏನನ್ನೂ ಕೇಳಕೂಡದು. ಡಾಕ್ಟರ್ ಎರಡನ್ನೂ ಓದಿ ಕೆಳಗೆ ತಮ್ಮ ಸಹಿ ಹಾಕಿದರು. ರೋಗಿಯ ಕಡೆಯವರ ಜಾಗದಲ್ಲಿ ನಾನು ಸಹಿ ಹಾಕಿದೆ. ಶ್ರೀವತ್ಸ ಫ್ಲಾಸ್ಕು ಹಿಡಿದು ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದರು. ಬರಬೇಡಿ ಎಂದು ಅಕ್ಕ ಹೇಳಿರಲಿಲ್ಲ, ಬನ್ನಿ ಎಂದೂ ಹೇಳಿರಲಿಲ್ಲ. ಗಾಲಿಮಂಚದಲ್ಲಿ ಒಳಗೆ ಹೋಗುವಾಗ ಅವರ ಕಡೆ ನೋಡಲೂ ಇಲ್ಲ.

ಆಗಸ್ಟಿನಲ್ಲಿ ಆಪರೇಷನ್ ಆಯಿತು. ಹತ್ತು ದಿನ ಪಕ್ಕದಲ್ಲಿ ನಳಿಕೆಯೊಂದು ನೇತಾಡುತ್ತಿತ್ತು. ಅದನ್ನು ತೆಗೆದ ಮೇಲೂ ಒಳಗೆ ನೀರು ತುಂಬಿಕೊಂಡು ಎರಡು ಸಲ ಸೂಜಿ ಹಾಕಿ ತೆಗೆಯಬೇಕಾಯಿತು. ಮೂರನೆಯ ಸಲ ಹೋದಾಗ ತುಂಬಿರಲಿಲ್ಲ. ಎದೆ ಚಪ್ಪಟೆಯಾಗಿತ್ತು. ಎದೆಯ ನಡುವಿನಿಂದ ಕಂಕುಳ ಕೆಳಗಿನವರೆಗೆ ಒಂದೇ ಗೆರೆ, ಅದರ ತುದಿಯಲ್ಲಿ ಡಾಕ್ಟರ್ ಹೇಳಿದ್ದಂತೆ ಹುಣಸೆಬೀಜದಷ್ಟು ಉಬ್ಬು. ಬೇಕಾದರೆ ಆರು ತಿಂಗಳು ಬಿಟ್ಟು ಅದನ್ನೂ ತೆಗೆಯುತ್ತೇನೆ ಎಂದರು. ಅಕ್ಕ ಬೇಡವೆಂದರು, ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಹರ್ಷಾಳಿಗೆ ಅಕ್ಕ ತಾವಾಗಿಯೇ ತೋರಿಸಿದರು. ಅವಳು ಬೆರಳಿನಿಂದ ಗೆರೆಯನ್ನು ಮುಟ್ಟಿ, ಹಿಂದಿಯಲ್ಲಿ, ಇಷ್ಟೇನಾ, ಇದಕ್ಕೆ ಆ ಕ್ಲಿನಿಕ್ಕಿನವರು ಅಷ್ಟು ಮಾಡಿದರಾ ಎಂದು ಕೇಳಿದಳಂತೆ.

ಆ ಕ್ಲಿನಿಕ್ಕಿನ ಮೇಲೆ ದೂರು ಬರೆದವಳೂ ಅವಳೇ. ಹಿಂದಿಯಲ್ಲಿ ನಾಲ್ಕು ಪುಟ. ವೈದ್ಯರ ಮೇಲಿನ ದೂರು ತೆಗೆದುಕೊಳ್ಳುವ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರು. ದೂರು ತಲುಪಿದೆ ಎಂದು ಒಂದು ಕಾಗದ ಬಂತು, ಪರಿಶೀಲನೆಯಲ್ಲಿದೆ ಎಂದು ಎರಡನೆಯದು ಬಂತು. ಕ್ಲಿನಿಕ್ಕಿನವರು ಕೊಟ್ಟ ಉತ್ತರದ ಪ್ರತಿಯೂ ಬಂತು. ಕುಟುಂಬದ ಒಪ್ಪಿಗೆ ಪಡೆದೇ ಎಲ್ಲ ಮಾಡಲಾಗಿದೆ, ರೋಗಿಯ ಹಿತವನ್ನೇ ನೋಡಲಾಗಿದೆ, ರೋಗಿ ಕೃತಜ್ಞತೆಯಿಂದ ಮನೆಗೆ ತೆರಳಿದ್ದಾರೆ ಎಂದಿತ್ತು. ಕೃತಜ್ಞತೆ ಎಂಬ ಪದ ಬಂದ ಕಡೆ ಅಕ್ಕ ಇನ್ನೊಂದು ಸಲ ಓದು ಎಂದು ಮಗಳಿಗೆ ಹೇಳಿದರು. ಅದಾದ ಮೇಲೆ ಇಲ್ಲಿಯವರೆಗೆ ಏನೂ ಬಂದಿಲ್ಲ.

ಮನೆಯಲ್ಲಿ ಜಗಳವಾಗಲಿಲ್ಲ. ಅಡುಗೆ ನಡೆಯುತ್ತಿತ್ತು, ಬಟ್ಟೆ ಒಗೆಯುವುದು ನಡೆಯುತ್ತಿತ್ತು. ಆದರೆ ಗಂಡ ಚಹಾ ತಂದುಕೊಟ್ಟರೆ ಅಕ್ಕ ಕುಡಿಯುವುದನ್ನು ಬಿಟ್ಟರು. ಒಮ್ಮೆ ನಾನಿದ್ದಾಗಲೇ ಅವರಿಟ್ಟುಹೋದ ಲೋಟದ ಮೇಲೆ ಕೆನೆ ಕಟ್ಟಿತು. ಅಕ್ಕ ಅದನ್ನು ಬಚ್ಚಲಿಗೆ ಸುರಿದು ಬಂದು, "ಸಿಟ್ಟಾಗಿದ್ದರೆ ಎಷ್ಟೋ ವಾಸಿಯಿತ್ತು. ಸಿಟ್ಟು ಇಳಿಯತ್ತೆ. ಇದು ಹೇಸಿಗೆ," ಎಂದು ಸೂಜಿಗೆ ದಾರ ಪೋಣಿಸಿದರು. ಗಂಡನ ಪಕ್ಕದಲ್ಲಿ ಮಲಗುವುದನ್ನೂ ಬಿಟ್ಟಿದ್ದಾರೆಂದು ಹರ್ಷಾಳಿಂದ ತಿಳಿಯಿತು.

ದೀಪಾವಳಿಗೆ ಹತ್ತು ದಿನ ಇರುವಾಗ, ಬ್ಲೌಸು ತರಲೆಂದು ಬ್ಯಾಂಕಿನಿಂದ ನೇರ ಅಂಗಡಿಗೆ ಹೋಗಿದ್ದೆ. ಶ್ರೀವತ್ಸ ಫೋನು ಹಿಡಿದು ಕೆಳಗಿಳಿದು ಬಂದರು. ಆ ಕ್ಲಿನಿಕ್ಕಿನವರು ಕರೆ ಮಾಡಿದ್ದಾರೆ, ಎರಡನೆಯ ಹಂತ ಯಾವಾಗ ಮಾಡಿಸುತ್ತೀರಿ ಎಂದು ಕೇಳುತ್ತಿದ್ದಾರೆ, ಏನು ಹೇಳಲಿ ಎಂದರು. ಅಲ್ಲಿ ದೂರು ನೋಡುವವರು ಬೇರೆ, ಗಿರಾಕಿ ಹಿಡಿಯುವವರು ಬೇರೆ ಎಂದು ಕಾಣುತ್ತದೆ.

ಅಕ್ಕ ಯಂತ್ರ ನಿಲ್ಲಿಸಿದರು. "ಸ್ಪೀಕರ್ ಹಾಕಿ. ಆವತ್ತು ನೀವು ಹೇಳಬೇಕಾಗಿದ್ದನ್ನ ಈಗ ಹೇಳಿ. ನಾನು ಕೇಳಬೇಕು."

ಶ್ರೀವತ್ಸ ನನ್ನ ಕಡೆ ನೋಡಿದರು. ನಾನು ಕೂತಲ್ಲಿಂದ ಅಲುಗಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ನನ್ನ ಹೆಂಡತಿ ಬೇಡ ಎಂದಿದ್ದಳು. ಮೂರು ಸಲ ಹೇಳಿದ್ದಳು. ನಾನು ಉಳಿಸಿ ಎಂದೆ. ಹಾಗೆ ಹೇಳುವ ಹಕ್ಕು ನನಗಿರಲಿಲ್ಲ, ಕೇಳುವ ಹಕ್ಕು ನಿಮ್ಮ ಡಾಕ್ಟರಿಗೂ ಇರಲಿಲ್ಲ.

ಆ ಕಡೆಯಿಂದ ಹುಡುಗಿಯ ಉಲ್ಲಾಸದ ದನಿ ಬಂತು. "ಕೋಯೀ ಬಾತ್ ನಹೀಂ ಸರ್, ಜಬ್ ಮನ್ ಹೋ ತಬ್ ಬತಾ ದೀಜಿಯೇಗಾ." ಪರವಾಗಿಲ್ಲ, ಮನಸ್ಸು ಬಂದಾಗ ತಿಳಿಸಿ.

ಶ್ರೀವತ್ಸರ ಮುಖ ಕಿವುಚಿಕೊಂಡಿತು. ಬಾಯಿಗೆ ಹಾಕಿಕೊಂಡ ತುತ್ತಿನಲ್ಲಿ ಕೂದಲು ಸಿಕ್ಕವರ ಹಾಗೆ ಫೋನನ್ನು ಮೈಯಿಂದ ದೂರ ಹಿಡಿದು ನೋಡಿದರು. ಅಷ್ಟು ತಿಂಗಳಲ್ಲಿ ಮೊದಲ ಬಾರಿ ಅಕ್ಕ ಅವರನ್ನು ನೆಟ್ಟಗೆ ದಿಟ್ಟಿಸಿದರು. ಕರುಣೆ ಎನ್ನುವಂಥದ್ದೇನೂ ಅದರಲ್ಲಿರಲಿಲ್ಲ. ಈಗಲಾದರೂ ಕಂಡಿತಲ್ಲ ಎಂಬಂತಿತ್ತು.

"ಆ ನಂಬರ್ ತೆಗೆದುಹಾಕಿ," ಎಂದರು. "ಮೇಲೆ ಕುಕ್ಕರ್ ಇಟ್ಟಿದೀನಿ. ಮೂರು ಕೂಗಿದ ಮೇಲೆ ಇಳಿಸಿ, ಅನ್ನ ತಳ ಹಿಡಿಯತ್ತೆ."

ಅವರು ಮೆಟ್ಟಿಲು ಹತ್ತಿದರು. ಅಕ್ಕ ನನ್ನ ಬ್ಲೌಸನ್ನು ಕೊಡವಿ, ತೋಳಿನ ಅಂಚಿನಲ್ಲಿ ಉಳಿದಿದ್ದ ದಾರವನ್ನು ಕತ್ತರಿಸಿ, ಹಾಕಿಕೊಂಡು ನೋಡಿ ಎಂದು ಪರದೆ ಎಳೆದರು.